‘ಸುರಕ್ಷತೆಗಾಗಿ’ ಎಂಬ ನೆಪದಲ್ಲಿ

ಇವತ್ತಿನ ಕೇಸ್ ಮೀಟಿಂಗ್ ಮುಗಿದು ಹೊತ್ತಾದರೂ ನನ್ನ ಸಿಟ್ಟು ಇಳಿದಿಲ್ಲ. ದಿನವಿಡೀ ಸೂಕ್ಷ್ಮದರ್ಶಕದ ಮುಂದೆ ಕೂರುವ ಪೆಥಾಲಜಿಸ್ಟ್ ನಾನು ಎಂಬುದು ಇಲ್ಲಿರುವವರಿಗೆಲ್ಲ ಗೊತ್ತಿರುವುದರಿಂದ ಪೀಠಿಕೆ ಬೇಡ. ಅಪೆಂಡಿಸೈಟಿಸ್ ಎಂದು ಆಪರೇಷನ್ ಮಾಡಿಸಿಕೊಂಡ ಚಿಕ್ಕ ವಯಸ್ಸಿನವರೊಬ್ಬರ ಅಪೆಂಡಿಕ್ಸ್‌ನ ತುದಿಯಲ್ಲಿ ನ್ಯೂರೋಎಂಡೊಕ್ರೈನ್ ಗಡ್ಡೆ (ಹಾರ್ಮೋನ್ ಸ್ರವಿಸುವ ಬಗೆಯ ಜೀವಕೋಶಗಳಿಂದ ಹುಟ್ಟುವ ಗಡ್ಡೆ) ಸಿಕ್ಕಿತ್ತು. ಈ ಗಡ್ಡೆಗಳು ಹೆಚ್ಚಾಗಿ ಸಿಗುವುದೇ ಹೀಗೆ, ಆಕಸ್ಮಿಕವಾಗಿ. ಅಳತೆ 12 ಮಿ.ಮೀ., ಗ್ರೇಡ್ 1 (ಅಂದರೆ ತೀರಾ ನಿಧಾನವಾಗಿ ಬೆಳೆಯುವಂಥದ್ದು), ಕತ್ತರಿಸಿದ ಅಂಚಿನಲ್ಲಿ ಗಡ್ಡೆಯ ಸುಳಿವಿಲ್ಲ. ಆದರೂ ಹಿರಿಯ ಸರ್ಜನ್ ಒಬ್ಬರು ‘ಸುರಕ್ಷತೆಗಾಗಿ’ ದೊಡ್ಡ ಕರುಳಿನ ಬಲಭಾಗವನ್ನೂ ತೆಗೆದುಬಿಡೋಣ ಎಂದರು.

ಯಾರ ಸುರಕ್ಷತೆಗಾಗಿ?

ಗಡ್ಡೆ 1 ಸೆಂ.ಮೀ.ಗಿಂತ ಚಿಕ್ಕದಾಗಿದ್ದು ಪೂರ್ತಿ ಹೊರಬಂದಿದ್ದರೆ ಅಪೆಂಡಿಕ್ಸ್ ತೆಗೆದದ್ದೇ ಸಾಕು ಎಂಬುದರಲ್ಲಿ ಹೆಚ್ಚು ತಕರಾರಿಲ್ಲ. 2 ಸೆಂ.ಮೀ. ದಾಟಿದರೆ ದೊಡ್ಡ ಆಪರೇಷನ್ ಎನ್ನುತ್ತಾರೆ. ಈ 2 ಸೆಂ.ಮೀ. ಗಡಿಗೆ ದೊಡ್ಡ ಆಧಾರವಾಗಿರುವ 1987ರ ವರದಿಯಲ್ಲಿದ್ದವರು 150 ರೋಗಿಗಳು. ಅವರಲ್ಲಿ ಚಿಕ್ಕ ಗಡ್ಡೆಯಿದ್ದ 127 ಮಂದಿಯಲ್ಲಿ ಒಬ್ಬರಿಗೂ ಹರಡಿರಲಿಲ್ಲ, ದೊಡ್ಡ ಗಡ್ಡೆಯಿದ್ದವರು ಬರೀ 23 ಮಂದಿ. ಅಷ್ಟು ಸಣ್ಣ ಗುಂಪಿನ ಮೇಲೆ ನಿಂತ ಗಡಿಯನ್ನು ನಾವು ಶಿಲಾಶಾಸನದಂತೆ ಓದುತ್ತಿದ್ದೇವೆ.

ನಡುವಿನ 1–2 ಸೆಂ.ಮೀ. ಗಡ್ಡೆಗಳ ಬಗ್ಗೆ 2023ರಲ್ಲಿ ಯುರೋಪಿನ 15 ದೇಶಗಳ 40 ಆಸ್ಪತ್ರೆಗಳ 278 ರೋಗಿಗಳ ಅಧ್ಯಯನ ಬಂತು. ದೊಡ್ಡ ಆಪರೇಷನ್ ಮಾಡಿಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರ ದುಗ್ಧಗ್ರಂಥಿಗಳಿಗೆ ಗಡ್ಡೆ ಹರಡಿತ್ತು. ಹಾಗಿದ್ದರೆ, ಅಪೆಂಡಿಕ್ಸ್ ಮಾತ್ರ ತೆಗೆಸಿಕೊಂಡ 163 ಮಂದಿಯಲ್ಲೂ ಕೆಲವರ ಒಡಲಲ್ಲಿ ಅಂಥ ಗ್ರಂಥಿಗಳು ಉಳಿದೇ ಇದ್ದಿರಬೇಕು. ಆದರೂ ಸುಮಾರು 13 ವರ್ಷ ಗಮನಿಸಿದ ಮೇಲೂ ಎರಡು ಗುಂಪಿನಲ್ಲೂ ಈ ಗಡ್ಡೆಯಿಂದ ಯಾರೂ ಸತ್ತಿರಲಿಲ್ಲ. ಗ್ರಂಥಿಯಲ್ಲಿ ಗಡ್ಡೆ ಕಂಡರೆ ರೋಗಿಯ ಆಯಸ್ಸಿಗೆ ಏನಾಗುತ್ತದೆ ಎಂಬ ಪ್ರಶ್ನೆಗೇ ನಮ್ಮಲ್ಲಿ ಗಟ್ಟಿ ಉತ್ತರವಿಲ್ಲದಿರುವಾಗ, ಅದನ್ನು ಹುಡುಕಲೆಂದು ಕರುಳು ಕತ್ತರಿಸುವುದು ಯಾವ ನ್ಯಾಯ? ಕರುಳಿನ ಜೋಡಣೆ ಸೋರುವ ಅಪಾಯ, ಆಮೇಲೂ ಕಾಡಬಹುದಾದ ಭೇದಿ, ಇವು ಮಾತ್ರ ಊಹೆಯಲ್ಲ.

ಇದೂ ಹಳೆಯ ದಾಖಲೆಗಳನ್ನು ತಿರುವಿ ಹಾಕಿ ಮಾಡಿದ ಅಧ್ಯಯನ, ಯಾರಿಗೆ ದೊಡ್ಡ ಆಪರೇಷನ್ ಎಂದು ನಿರ್ಧರಿಸಿದ್ದು ವೈದ್ಯರೇ ಹೊರತು ಚೀಟಿ ಎತ್ತಿದ್ದಲ್ಲ ಎಂದು ಆಕ್ಷೇಪಿಸಬಹುದು, ಒಪ್ಪುತ್ತೇನೆ. ಇಷ್ಟು ಅಪರೂಪದ, ಇಷ್ಟು ಸೌಮ್ಯವಾದ ಗಡ್ಡೆಗೆ ಹಾಗೆ ಚೀಟಿ ಎತ್ತಿ ರೋಗಿಗಳನ್ನು ಹಂಚುವ ಪ್ರಯೋಗ ನಡೆಸಲು ಸಾವಿರಾರು ರೋಗಿಗಳು, ದಶಕಗಳ ತಾಳ್ಮೆ ಬೇಕು ಎಂಬುದೂ ನಿಜ. ಆದರೆ ವರದಿಯನ್ನು ನೆಟ್ಟಗೆ ಬರೆಯಲು ಯಾವ ಪ್ರಯೋಗ ಬೇಕು? ಗಡ್ಡೆ ಮೆಸೊಅಪೆಂಡಿಕ್ಸ್‌ನ (ಅಪೆಂಡಿಕ್ಸ್‌ಗೆ ಅಂಟಿಕೊಂಡಿರುವ ಪೊರೆಯ) ಕೊಬ್ಬಿಗೆ ಎಷ್ಟು ಮಿ.ಮೀ. ಇಳಿದಿದೆ ಎಂದಾಗಲಿ, ಜೀವಕೋಶಗಳು ಎಷ್ಟು ಬೇಗ ವಿಭಜಿಸುತ್ತಿವೆ ಎಂದು ತೋರಿಸುವ ಕೆಐ-67 ಎಷ್ಟು ಎಂದಾಗಲಿ ಹೇಳದೆ, ಈ ಗಡ್ಡೆಯ ಹಳೆಯ ಹೆಸರಿನಲ್ಲಿ ‘ಕಾರ್ಸಿನಾಯ್ಡ್ ಕಂಡಿದೆ’ ಎಂದು ಒಂದೇ ಸಾಲು ಗೀಚಿದ ವರದಿಗಳು ನನ್ನ ಮೇಜಿಗೆ ಇಂದಿಗೂ ಎರಡನೇ ಅಭಿಪ್ರಾಯಕ್ಕೆ ಬರುತ್ತವೆ. ಸಾಲದ್ದಕ್ಕೆ ಇದೇ 12 ಮಿ.ಮೀ. ಗಡ್ಡೆ ಗಡ್ಡೆಯ ಹಂತ ಗುರುತಿಸುವ ಅಮೆರಿಕದ ಎಜೆಸಿಸಿ ಪದ್ಧತಿಯ 8ನೇ ಆವೃತ್ತಿಯಲ್ಲಿ ಟಿ1, ಯುರೋಪಿನ ಎನೆಟ್ಸ್ ಪದ್ಧತಿಯಲ್ಲಿ ಒಂದು ಹಂತ ಮೇಲಿನ ಟಿ2. ಸ್ಲೈಡ್ ಒಂದೇ, ಜಾತಕ ಎರಡು! ಅಂಗಾಂಶವನ್ನು ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿ ಅದು ತುಸು ಕುಗ್ಗುತ್ತದೆ ಎಂಬುದನ್ನು ಬಲ್ಲವಳಾದ್ದರಿಂದ, ಒಂದೆರಡು ಮಿ.ಮೀ.ಗಾಗಿ ಜಗಳವಾಡುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಒಂದು ಮಾತು ಹೇಳಿಬಿಡುತ್ತೇನೆ: ಆ ವರದಿಯ ಮೇಲೆ ರೋಗಿಯಾಗಿ ನನ್ನ ಹೆಸರಿದ್ದಿದ್ದರೆ ನನಗೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಎಲ್ಲವನ್ನೂ ತೆಗೆದುಬಿಡಿ ಎಂದು ನಾನೇ ಅಂಗಲಾಚುತ್ತಿದ್ದೆನೇನೋ. ರೋಗಿಯ ಭಯ ನನಗೆ ಅರ್ಥವಾಗುತ್ತದೆ. ವೈದ್ಯರು ತಮ್ಮ ಭಯಕ್ಕೆ ನಿಯಮದ ವೇಷ ತೊಡಿಸುವುದನ್ನು ಮಾತ್ರ ಸಹಿಸಲಾರೆ. ಗ್ರೇಡ್ 2 ಗಡ್ಡೆ, ಬುಡದಲ್ಲಿರುವ ಗಡ್ಡೆ, 3 ಮಿ.ಮೀ.ಗಿಂತ ಆಳಕ್ಕೆ ಇಳಿದ ಗಡ್ಡೆ ಎಂದರೆ ನಾನೂ ಕೂತು ಚರ್ಚಿಸುತ್ತೇನೆ, ಯಾಕೆಂದರೆ ಅಲ್ಲಿ ಸಂದೇಹಕ್ಕೆ ನಿಜಕ್ಕೂ ಜಾಗವಿದೆ. ಇವತ್ತಿನದು ಅವ್ಯಾವುದೂ ಆಗಿರಲಿಲ್ಲ.

ಕೊನೆಗೆ ಆಪರೇಷನ್ ಬೇಡವೆಂದಾಯಿತು. ಮುಂದಿನ ಕ್ಷಣವೇ ‘ಹಾಗಾದರೆ ವರ್ಷಕ್ಕೊಂದು ಸಿಟಿ ಸ್ಕ್ಯಾನ್ ಮಾಡಿಸೋಣ’ ಎಂಬ ಸಲಹೆ ಬಂತು. ಎಷ್ಟು ವರ್ಷ ಎಂದು ಕೇಳಿದೆ. ಒಬ್ಬರು ಐದು ಎಂದರು, ಇನ್ನೊಬ್ಬರು ಹತ್ತು ಎಂದರು, ಮತ್ತೊಬ್ಬರು ಫೋನ್ ನೋಡತೊಡಗಿದರು.