ನೂರು ರೂಪಾಯಿ ಕಡಿತ

ಏಪ್ರಿಲ್ 8 ಬಂತೆಂದರೆ ಫೇಸ್‌ಬುಕ್ ತುಂಬ ಭಗತ್ ಸಿಂಗ್, ಬಟುಕೇಶ್ವರ ದತ್ತ. ಬರಬೇಕಾದ್ದೇ. ಆದರೆ 1929ರ ಆ ದಿನ ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ಏನು ಕಲಾಪ ನಡೆದಿತ್ತು ಎಂದು ಯಾರೂ ಬರೆಯುವುದಿಲ್ಲ. ಕಾರ್ಮಿಕ ವಿವಾದ ಮಸೂದೆಗೆ ಆಗಷ್ಟೇ ಮತ ಬಿದ್ದಿತ್ತು. ಅಧ್ಯಕ್ಷ ವಿಠ್ಠಲಭಾಯಿ ಪಟೇಲರು ವಿದೇಶಿ ಕಮ್ಯುನಿಸ್ಟರನ್ನು ದೇಶದಿಂದ ಹೊರಹಾಕುವ ಸಾರ್ವಜನಿಕ ಸುರಕ್ಷತಾ ಮಸೂದೆಯ ಮೇಲೆ ರೂಲಿಂಗ್ ಕೊಡುವುದರಲ್ಲಿದ್ದರು. ಅಷ್ಟರಲ್ಲಿ ಬಾಂಬು. ಮೂರು ದಿನ ಬಿಟ್ಟು ರೂಲಿಂಗ್ ಕೊಟ್ಟೇಬಿಟ್ಟರು: ಕಮ್ಯುನಿಸ್ಟ್, ಕಾರ್ಮಿಕ ಮುಖಂಡರ ಮೇಲಿನ ಮೀರತ್ ಪಿತೂರಿ ಮೊಕದ್ದಮೆ ಕೋರ್ಟಿನಲ್ಲಿರುವಾಗ ಈ ಮಸೂದೆಯ ಚರ್ಚೆ ಸಲ್ಲದು. ವೈಸರಾಯ್ ಇರ್ವಿನ್ ಆ ಮಸೂದೆಯನ್ನೇ ಸುಗ್ರೀವಾಜ್ಞೆಯಾಗಿ ತಂದ.

ಇದನ್ನು ತೋರಿಸಿ ‘ಆ ಶಾಸನಸಭೆಯೇ ಒಂದು ಗೊಂಬೆಯಾಟ’ ಎನ್ನುವವರಿದ್ದಾರೆ. ಅರ್ಧ ಸರಿ. ಇನ್ನರ್ಧ ಕಾಣಬೇಕಾದರೆ ದೊಡ್ಡವರ ಭಾಷಣ ಬದಿಗಿಟ್ಟು ದಿನದ ಕಲಾಪ ಪಟ್ಟಿ ನೋಡಬೇಕು.

ಸಭೆಯಲ್ಲಿ 145 ಜನ. ಚುನಾಯಿತರು 104, ನಾಮಕರಣಗೊಂಡವರು 41. ಇವರಲ್ಲಿ 26 ಮಂದಿ ಸರ್ಕಾರಿ ಅಧಿಕಾರಿಗಳು. ಫೆಬ್ರವರಿ ಕೊನೆಯ ದಿನ ಸಂಜೆ 5ಕ್ಕೆ ಬಜೆಟ್. (ಆ ಸಂಜೆಯ ಹೊತ್ತನ್ನು ಬಿಡಲು ಸ್ವತಂತ್ರ ಭಾರತಕ್ಕೆ 1999ರವರೆಗೆ ಬೇಕಾಯಿತು!) 1919ರ ಭಾರತ ಸರ್ಕಾರ ಕಾಯ್ದೆ ಖರ್ಚನ್ನು ಸೀಳಿ ಇಟ್ಟಿತ್ತು. ಸೈನ್ಯ, ಸಾಲದ ಬಡ್ಡಿ, ಲಂಡನ್ನಿನಿಂದ ನೇಮಕವಾದವರ ಸಂಬಳ, ಚರ್ಚಿನ ಇಲಾಖೆ ಇವೆಲ್ಲ ಮತಕ್ಕೇ ಬರುವಂತಿಲ್ಲ. ಉಳಿದದ್ದು ‘ಇಂಥ ಬಾಬಿಗೆ ಇಷ್ಟು ಹಣ ಕೊಡಿ’ ಎಂಬ ಅನುದಾನದ ಬೇಡಿಕೆಗಳಾಗಿ ಬರುತ್ತಿತ್ತು. ಸಭೆ ಒಪ್ಪಬಹುದು, ತಿರಸ್ಕರಿಸಬಹುದು, ಇಳಿಸಬಹುದು. ಏರಿಸುವಂತಿಲ್ಲ.

1924ರ ಮಾರ್ಚಿನಲ್ಲಿ, ಸಭೆಯ ಒಳಗಿಂದಲೇ ಸರ್ಕಾರವನ್ನು ತಡೆಯಲು ಹೊರಟ ಕಾಂಗ್ರೆಸ್ಸಿಗರ ಸ್ವರಾಜ್ಯ ಪಕ್ಷದವರೂ ಅವರ ಜೊತೆಗಾರರೂ ಸುಂಕ, ಆದಾಯ ತೆರಿಗೆ, ಉಪ್ಪು, ಅಫೀಮು ಹೀಗೆ ಮೊದಲ ನಾಲ್ಕು ಬೇಡಿಕೆಗಳನ್ನು ಸಾಲಾಗಿ ಬೀಳಿಸಿದರು. ಹಣಕಾಸು ಮಸೂದೆಯನ್ನು ಮಂಡಿಸುವುದಕ್ಕೇ ಬಿಡಲಿಲ್ಲ. ಆಗಿನ ವೈಸರಾಯ್ ತನ್ನ ವಿಶೇಷಾಧಿಕಾರ ಬಳಸಿ ಎಲ್ಲವನ್ನೂ ಮರಳಿ ತಂದ. ಹಿಂದಿನ ವರ್ಷ ಉಪ್ಪಿನ ತೆರಿಗೆಯನ್ನು ಮಣಕ್ಕೆ ಒಂದೂಕಾಲು ರೂಪಾಯಿಯಿಂದ ಎರಡೂವರೆಗೆ ಏರಿಸಿದಾಗಲೂ ಇದೇ ಕಥೆ: ಸಭೆ ಬೇಡವೆಂದಿತು, ಆತ ಸಹಿ ಹಾಕಿದ. ಪೂರ್ತಿ ತಿರಸ್ಕಾರ ಪತ್ರಿಕೆಗಳಿಗೆ ಒಳ್ಳೆಯ ಸುದ್ದಿ, ವೈಸರಾಯ್‌ಗೂ ಸುಲಭ. ‘ಆಡಳಿತ ನಿಂತುಹೋಗುತ್ತದೆ’ ಎಂದರೆ ಸಾಕು.

ಅದಕ್ಕಿಂತ ಚೂಪಾದದ್ದು ನೂರು ರೂಪಾಯಿಯ ಕಡಿತ ಸೂಚನೆ. ಅದರ ಮಾತು ಒಂದೇ ಸಾಲು: ‘ರೈಲ್ವೆ ಬೋರ್ಡ್ ಬಾಬಿನ ಬೇಡಿಕೆಯನ್ನು 100 ರೂಪಾಯಿಯಷ್ಟು ಇಳಿಸತಕ್ಕದ್ದು.’ ಯಾಕೆ ಇಳಿಸಬೇಕು ಎಂಬುದು ಭಾಷಣದ ಪಾಲು: ಮೂರನೇ ದರ್ಜೆಯ ನೂಕುನುಗ್ಗಲು, ಮೇಲಿನ ಹುದ್ದೆಗಳಲ್ಲಿ ಭಾರತೀಯರಿಲ್ಲದಿರುವುದು. ಲಕ್ಷಗಟ್ಟಲೆ ಹಣದಲ್ಲಿ ನೂರು ಹೋದರೆ ಯಾವ ಕಚೇರಿಯೂ ಮುಚ್ಚುವುದಿಲ್ಲ, ಹಾಗಾಗಿ ‘ಆಡಳಿತ ನಿಲ್ಲುತ್ತದೆ’ ಎಂಬ ನೆಪ ನಡೆಯದು. ಆದರೆ ಮತಕ್ಕೆ ಹಾಕಿ ಗೆದ್ದರೆ, ಸರ್ಕಾರ ಆ ವಿಷಯದಲ್ಲಿ ಸೋತಿತು ಎಂದು ನಡವಳಿಯಲ್ಲಿ ಅಚ್ಚಾಗುತ್ತಿತ್ತು. ನನ್ನ ಲೆಕ್ಕದಲ್ಲಿ ಆ ಸಭೆಯ ನಿಜವಾದ ಆಯುಧ ಇದು.

ಎಡವುತ್ತಿದ್ದದ್ದು ಸಮಯದಲ್ಲಿ. ಎಲ್ಲ ಬೇಡಿಕೆಗಳಿಗೂ ಸೇರಿ ಹೆಚ್ಚೆಂದರೆ 15 ದಿನ, ಒಂದಕ್ಕೆ 2 ದಿನ ಮೀರುವಂತಿಲ್ಲ. ಕೊನೆಯ ದಿನ ಸಂಜೆ 5ಕ್ಕೆ ಗಿಲೊಟಿನ್: ಬಾಕಿ ಉಳಿದವೆಲ್ಲ ಚರ್ಚೆಯಿಲ್ಲದೆ ಒಂದರ ಹಿಂದೆ ಒಂದು ಮತಕ್ಕೆ. ಕಾವೇರಿದ ರಾಜಕೀಯವನ್ನೆಲ್ಲ ಪಟ್ಟಿಯ ಮೊದಲ ಬೇಡಿಕೆಗಳ ಮೇಲೇ ಸುರಿದರೆ ಕೊನೆಯವುಗಳ ಕಡಿತ ಸೂಚನೆಗಳು ಕಾಗದದಲ್ಲೇ ಸಾಯುತ್ತಿದ್ದವು. ಕಲಾಪ ಬದಿಗಿಟ್ಟು ತುರ್ತು ವಿಷಯ ಚರ್ಚಿಸಲು ಕೋರುವ ನಿಲುವಳಿ ಸೂಚನೆಗೂ ಗಡಿಯಾರವೇ ಶತ್ರು. 25 ಜನ ಎದ್ದು ನಿಂತರೆ ಸಂಜೆ 4ಕ್ಕೆ ಚರ್ಚೆ, 6 ಹೊಡೆದರೆ ತಾನಾಗಿ ಮುಕ್ತಾಯ. ಸೋಲುವ ಲಕ್ಷಣ ಕಂಡ ಸರ್ಕಾರದ ಕಡೆಯವರು ಸಾವಕಾಶವಾಗಿ ಮಾತಾಡಿಕೊಂಡೇ ಇದ್ದರೆ ಮುಗಿಯಿತು. ಹೊತ್ತು ನೋಡಿ ‘ಇನ್ನು ಮತಕ್ಕೆ ಹಾಕಿ’ ಎಂದು ಎದ್ದು ಹೇಳುವವರು ವಿರೋಧ ಪಕ್ಷದಲ್ಲಿರಬೇಕಿತ್ತು.

ಪ್ರಶ್ನೆಗಳ ಅವಧಿಗೆ ಹತ್ತು ದಿನ ಮುಂಚೆ ನೋಟಿಸು. ಬಾಯಿಮಾತಿನ ಉತ್ತರ ಬೇಕಿದ್ದರೆ ಚುಕ್ಕೆ ಗುರುತು. ಇಂದು ವಿಧಾನಸೌಧದಲ್ಲಿ ಬಳಸುವ ‘ಚುಕ್ಕೆ ಗುರುತಿನ ಪ್ರಶ್ನೆ’ಯ ಹಿರಿಯ ಇದೇ. 1892ರಲ್ಲಿ ಪ್ರಶ್ನೆ ಕೇಳುವ ಹಕ್ಕು ಬಂದಾಗ ಉಪಪ್ರಶ್ನೆ ಇರಲಿಲ್ಲ. 1909ರಲ್ಲಿ ಮೂಲ ಪ್ರಶ್ನೆ ಕೇಳಿದವನಿಗೆ ಮಾತ್ರ ಕೊಟ್ಟರು. 1919ರ ಸುಧಾರಣೆಯ ನಂತರ ಯಾರು ಬೇಕಾದರೂ ಕೇಳಬಹುದಾಯಿತು. ಮುಖ್ಯ ಬದಲಾವಣೆ ಇದೇ. ಬರೆದು ತಂದ ಉತ್ತರ ಓದಿ ಕುಳಿತುಕೊಳ್ಳುವ ಅಧಿಕಾರಿಯನ್ನು ಪಕ್ಕದ ಸಾಲಿನವನು ಮತ್ತೆ ಎಬ್ಬಿಸಬಹುದಿತ್ತು. ಅದಕ್ಕೆ ಸಿದ್ಧ ಗುರಾಣಿಗಳೂ ಇದ್ದವು: ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’, ‘ಪ್ರಶ್ನೆ ಉದ್ಭವಿಸುವುದಿಲ್ಲ.’

ಕನ್ನಡಿಗರ ಪ್ರಶ್ನೆಗಳ ಪಾಡಂತೂ ವಿಚಿತ್ರ. ಧಾರವಾಡದ ಶಾಲೆಯ ವಿಷಯ ಮುಂಬಯಿ ಕೌನ್ಸಿಲ್ಲಿಗೆ, ಮಂಗಳೂರಿನದು ಮದರಾಸಿಗೆ. ಕೊಡಗಿಗೆ 1924ರಿಂದ 20 ಜನರ ಪುಟ್ಟ ಕೌನ್ಸಿಲ್. ಮೈಸೂರಿನವರಿಗೆ ಪ್ರಜಾಪ್ರತಿನಿಧಿ ಸಭೆ. ಸಂಸ್ಥಾನಗಳ ಒಳಾಡಳಿತವನ್ನು ದೆಹಲಿಯಲ್ಲಿ ಎತ್ತಿದರೆ ಅಧ್ಯಕ್ಷರ ಮೇಜಿನಲ್ಲೇ ಪ್ರಶ್ನೆ ಬಿದ್ದುಹೋಗುತ್ತಿತ್ತು. ನಿಜಾಮರ ಕಲಬುರಗಿ, ಬೀದರಿಗೂ ಅದೇ ಗತಿ. ದೆಹಲಿಯಲ್ಲಿ ಸಲೀಸಾಗಿ ಕೇಳಬಹುದಾಗಿದ್ದದ್ದು ಹುಬ್ಬಳ್ಳಿ ದಾಟಿ ಹೋಗುವ ರೈಲಿನ ಬಗ್ಗೆ. ಆದರೆ ಆ ಸದರ್ನ್ ಮರಾಠಾ ಲೈನನ್ನು ನಡೆಸುತ್ತಿದ್ದದ್ದು ಕಂಪನಿ; ಅದರ ಇಲ್ಲಿನ ಮುಖ್ಯಸ್ಥನೇ ‘ಏಜೆಂಟ್’. ಕಂಪನಿ ಲೈನುಗಳ ದೂರಿಗೆ ಸರ್ಕಾರದ ಮಾಮೂಲು ಉತ್ತರವೊಂದಿತ್ತು: ‘ಪ್ರಶ್ನೆಯ ಪ್ರತಿಯನ್ನು ರೈಲ್ವೆಯ ಏಜೆಂಟರಿಗೆ ಕಳುಹಿಸಲಾಗಿದೆ.’