ಪಹಣಿ ಹಿಡಿದು ಜರ್ಮನಿಗೆ

ಅಪ್ಪನ ಬೆರಳಚ್ಚು ಯಂತ್ರಕ್ಕೆ ಸಿಗಲಿಲ್ಲ. ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿ ನಾಲ್ಕು ಬೆರಳು ಗಾಜಿನ ಮೇಲಿಟ್ಟು ಒತ್ತಿದರೆ ಪರದೆಯಲ್ಲಿ ಬರೀ ಮಸುಕು. ಐವತ್ತು ವರ್ಷ ಅಡಿಕೆ ಸುಲಿದ ಕೈ ಅದು. ಚೊಗರು ಹಿಡಿದು ಬೆರಳ ತುದಿ ಕಪ್ಪಾಗಿದೆ, ಗೆರೆ ಸವೆದಿದೆ. ಕೌಂಟರಿನ ಹುಡುಗಿ ಒದ್ದೆ ಟಿಶ್ಯೂ ಕೊಟ್ಟು, "ಒರೆಸ್ಕೊಂಡು ಇನ್ನೊಂದ್ಸಲ ಒತ್ತಿ ಅಂಕಲ್, ಅವಸರ ಇಲ್ಲ" ಅಂದಳು. ಐದನೇ ಸಲಕ್ಕೆ ಬಂತು.

ನಾನು ಪಕ್ಕದಲ್ಲೇ ನಿಂತಿದ್ದೆ. ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ಊರಿಗೆ ಬಂದು ಒಂಬತ್ತು ವರ್ಷವಾಯಿತು. ಹೆಂಡತಿಗೆ ಹೆರಿಗೆ ಹತ್ತಿರ ಬಂದಿತ್ತು, ಅಮ್ಮ ಬಾಣಂತನಕ್ಕೆ ಬರಲೇಬೇಕು ಎಂದು ಹಟ ಹಿಡಿದಿದ್ದಳು. ಅಪ್ಪ ಮೊಮ್ಮಗಳ ಮುಖ ನೋಡಿ ಬರುತ್ತೇನೆ ಎಂದಿದ್ದರು. ರಜೆ ಹಾಕಿ ಊರಿಗೆ ಹೋಗಿ, ಸಾಗರದಿಂದ ರಾತ್ರಿ ರೈಲಿನಲ್ಲಿ ಇಬ್ಬರನ್ನೂ ಬೆಂಗಳೂರಿಗೆ ಕರೆತಂದಿದ್ದೆ. ಅಪ್ಪನ ತೊಡೆಯ ಮೇಲೆ ಒಂದು ಫೈಲು. ಅದರ ಮೇಲುಗಡೆ ಇದ್ದದ್ದು ಪಹಣಿ.

ಆ ಪಹಣಿ ಫೈಲಿಗೆ ಸೇರಿದ್ದಕ್ಕೆ ಒಂದು ಹಿನ್ನೆಲೆ ಇದೆ. ನಾನು ಊರಿಗೆ ಹೋಗುವ ಮೊದಲೇ ಅಪ್ಪ ಪೇಟೆಯ ಏಜೆಂಟರೊಬ್ಬರನ್ನು ಕಂಡು ಬಂದಿದ್ದರು. ಅವರು ಹೇಳಿ ಕಳಿಸಿದ್ದು ಮೂರು ಮಾತು. ಯಾರ ಹತ್ತಿರವಾದರೂ ಕೈಗಡ ತಂದು ಆರು ಲಕ್ಷ ಖಾತೆಗೆ ಹಾಕಿಸಿ. ಹೋಟೆಲ್ ಬುಕಿಂಗ್ ನಾವೇ ಮಾಡಿಸಿ ಕೊಡುತ್ತೇವೆ, ವೀಸಾ ಆದ ಮೇಲೆ ರದ್ದು ಮಾಡಿದರಾಯಿತು. ಉದ್ಯೋಗದ ಜಾಗದಲ್ಲಿ ಕೃಷಿಕ ಅಂತ ಬರೆಯಬೇಡಿ, ಬಿಸಿನೆಸ್ ಅಂತ ಬರೆಯಿರಿ. ಅಪ್ಪ ಸಾಲ ಕೇಳಲು ಹೊರಟೇಬಿಟ್ಟಿದ್ದರು. ಜೀವನದಲ್ಲಿ ಒಬ್ಬರ ಹತ್ತಿರ ಕೈ ಚಾಚದ ಮನುಷ್ಯ. ಫೋನಿನಲ್ಲಿ ಇದನ್ನು ಕೇಳಿ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ. ಮಗನ ಮನೆಗೆ ಬರುವವರಿಗೆ ಹೋಟೆಲ್ ಯಾಕೆ? ಕೃಷಿಕ ಎಂದು ಬರೆದರೆ ಯಾರಿಗೆ ಅವಮಾನ?

ಪ್ರವಾಸಿ ವೀಸಾ ಕೇಳುವ ಮುಖ್ಯ ಪ್ರಶ್ನೆ ಒಂದೇ: ಬಂದವರು ವಾಪಸು ಹೋಗುತ್ತಾರಾ? ಉಳಿದ ಕಾಗದವೆಲ್ಲ ಹೆಚ್ಚುಕಡಿಮೆ ಈ ಪ್ರಶ್ನೆಯ ಸುತ್ತಲೇ ತಿರುಗುತ್ತದೆ. ಕೇಳುವ ರೀತಿ ಮಾತ್ರ ದೇಶದಿಂದ ದೇಶಕ್ಕೆ ಬೇರೆ.

ಮಲೇಷ್ಯಾ ಬಾಗಿಲಲ್ಲಿ ಕೇಳುತ್ತದೆ. 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನದವರೆಗೆ ಅಲ್ಲಿ ವೀಸಾ ಬೇಡ. ನನ್ನ ತಂಗಿ 2024ರಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದಾಗ, ಹೊರಡುವ ಮುಂಚಿನ ಮೂರು ದಿನದೊಳಗೆ ಆಗಮನದ ಫಾರ್ಮನ್ನು ಆನ್‌ಲೈನ್‌ನಲ್ಲಿ ತುಂಬಿದ್ದಳು, ಆರು ತಿಂಗಳು ಚಾಲ್ತಿ ಇರುವ ಪಾಸ್‌ಪೋರ್ಟ್, ವಾಪಸ್ ಟಿಕೆಟ್ ಇಟ್ಟುಕೊಂಡಿದ್ದಳು. ಅಷ್ಟೇ. ಆ ಫಾರ್ಮ್ ಉಚಿತ. ಸರ್ಕಾರದ್ದೇ ತಾಣ ಎನ್ನುವಂತೆ ಕಾಣುವ ಬೇರೆ ತಾಣಗಳು ದುಡ್ಡು ಕೇಳುತ್ತವೆ, ಹುಷಾರಾಗಿರಬೇಕು. ಥಾಯ್ಲೆಂಡಿನಲ್ಲೂ 2025ರ ಮೇ 1ರಿಂದ ಇಂಥದ್ದೇ ಡಿಜಿಟಲ್ ಫಾರ್ಮ್ ಬಂದಿದೆ.

ಅಮೆರಿಕ ಮುಖ ನೋಡಿ ಕೇಳುತ್ತದೆ. ಅಲ್ಲಿನ ಕಾನೂನಿನ 214(ಬಿ) ಕಲಮಿನ ಪ್ರಕಾರ ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬರೂ ಅಲ್ಲೇ ನೆಲೆಸಲು ಬರುತ್ತಿದ್ದಾರೆ ಎಂದೇ ಅಧಿಕಾರಿ ಭಾವಿಸಬೇಕು. ಹಾಗಲ್ಲ ಎಂದು ತೋರಿಸುವ ಹೊಣೆ ನಮ್ಮದು. ಗಾಜಿನ ಕಿಟಕಿಯ ಮುಂದೆ ಎರಡು ಮೂರು ನಿಮಿಷದ ಮಾತು, ಎಷ್ಟೋ ಸಲ ಫೈಲನ್ನು ತೆರೆಯುವುದೇ ಇಲ್ಲ. ಬೆಂಗಳೂರಿನವರು ಇದಕ್ಕೆ ವರ್ಷಗಟ್ಟಲೆ ಚೆನ್ನೈಗೋ ಹೈದರಾಬಾದಿಗೋ ಓಡಿದ್ದಾರೆ. ಆದರೆ ಒಮ್ಮೆ ಸಿಕ್ಕರೆ ಸಾಮಾನ್ಯವಾಗಿ ಹತ್ತು ವರ್ಷದ ವೀಸಾ. ಪ್ರತಿ ಸಲ ಎಷ್ಟು ದಿನ ಇರಬಹುದು ಎನ್ನುವುದು ವಿಮಾನ ನಿಲ್ದಾಣದ ಅಧಿಕಾರಿಯ ಕೈಯಲ್ಲಿ, ಹೆಚ್ಚಾಗಿ ಆರು ತಿಂಗಳು ಕೊಡುತ್ತಾರೆ. ಬಾಣಂತನಕ್ಕೆ ಹೋಗುವ ಅಮ್ಮಂದಿರಿಗೆ ಇದು ದೊಡ್ಡ ಅನುಕೂಲ.

ಜರ್ಮನಿ ಕೇಳುವುದು ಕಾಗದದಲ್ಲಿ. ಜರ್ಮನಿ ಒಂದೇ ಅಲ್ಲ, ಷೆಂಗೆನ್ ಒಪ್ಪಂದಕ್ಕೆ ಸೇರಿದ ಯುರೋಪಿನ 29 ದೇಶಗಳಿಗೂ ಒಂದೇ ವೀಸಾ, ಮೂಲ ನಿಯಮವೂ ಒಂದೇ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಬೇಕು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು, ಕೊನೆಯ 15 ದಿನಕ್ಕೆ ಕಾಯುತ್ತ ಕೂತರೆ ಕಷ್ಟ. ಹತ್ತು ಬೆರಳಿನ ಅಚ್ಚು ಒಮ್ಮೆ ಕೊಟ್ಟರೆ 59 ತಿಂಗಳು ನಡೆಯುತ್ತದೆ. ಅಪ್ಪನಿಗೆ ಇದನ್ನು ಹೇಳಿದಾಗ ಬಹಳ ಸಮಾಧಾನವಾಯಿತು.

ಇಲ್ಲಿನ ಒಂದು ಕ್ರಮ ನನಗೆ ನಿಜವಾಗಿ ಇಷ್ಟ. ಮಗನೋ ಮಗಳೋ ಇಲ್ಲಿದ್ದರೆ, ತಾವಿರುವ ಊರಿನ ವಿದೇಶಿಯರ ಕಚೇರಿಗೆ ಹೋಗಿ ಹೊಣೆಗಾರಿಕೆ ಪತ್ರಕ್ಕೆ ಸಹಿ ಹಾಕಬಹುದು. ಜರ್ಮನ್‌ನಲ್ಲಿ ಅದಕ್ಕೆ ಫೆರ್‌ಪ್ಫ್ಲಿಷ್ಟುಂಗ್ಸ್‌ಎರ್ಕ್ಲೇರುಂಗ್ ಅನ್ನುತ್ತಾರೆ. ಶುಲ್ಕ 29 ಯೂರೊ. ಸಂಬಳದ ಚೀಟಿ, ಮನೆಯ ಬಾಡಿಗೆ ಕರಾರು ನೋಡುತ್ತಾರೆ. ಬಂದವರ ಊಟ, ವಸತಿ, ಕಾಯಿಲೆ ಬಿದ್ದರೆ ಆಸ್ಪತ್ರೆ, ಕೊನೆಗೆ ವಾಪಸು ಕಳಿಸುವ ಖರ್ಚಿನವರೆಗೆ ಎಲ್ಲಕ್ಕೂ ನಾನೇ ಹೊಣೆ ಎಂಬ ಬರಹ ಅದು. ಅಲ್ಲಿನ ಹೆಂಗಸು ಒಂದೊಂದು ಸಾಲನ್ನೂ ಓದಿ ಹೇಳಿ, ಅರ್ಥವಾಯಿತೇ ಎಂದು ಕೇಳಿ, ಆಮೇಲೆ ಪೆನ್ನು ಕೊಟ್ಟರು. ಊರಿನಲ್ಲಾದರೆ ಬಾಯಲ್ಲಿ 'ನಾನಿದ್ದೇನೆ' ಅಂದರೆ ಮುಗಿಯುತ್ತಿತ್ತು. ಇಲ್ಲಿ ಬರೆದು ಕೊಡಬೇಕು. ಬರೆದು ಕೊಡುವಾಗ ಆ ಮಾತಿನ ಭಾರ ತಿಳಿಯುತ್ತದೆ. ಆ ಪತ್ರ ಇದ್ದ ಮೇಲೆ ಅಪ್ಪನ ಖಾತೆಯಲ್ಲಿ ಆರು ಲಕ್ಷ ತೋರಿಸುವ ಅಗತ್ಯವೇ ಇರಲಿಲ್ಲ. ಏಜೆಂಟರು ಇದನ್ನು ಹೇಳಲೇ ಇಲ್ಲ.

ಆದರೆ ಹೊಣೆಗಾರಿಕೆ ಪತ್ರ ಖರ್ಚಿಗೆ ಉತ್ತರ ಕೊಡುತ್ತದೆಯೇ ಹೊರತು ವಾಪಸು ಹೋಗುತ್ತೀರಾ ಎನ್ನುವುದಕ್ಕೆ ಅಲ್ಲ. ನನ್ನ ತಕರಾರು ಇರುವುದು ಇಲ್ಲಿ. ಮಾಮೂಲಿ ಪಟ್ಟಿಯಲ್ಲಿ ಇರುವುದು ಸಂಬಳದವರ ದಾಖಲೆ: ಮೂರು ತಿಂಗಳ ಪೇ ಸ್ಲಿಪ್, ಕಂಪನಿಯಿಂದ ರಜೆ ಮಂಜೂರಾತಿ, ಆದಾಯ ತೆರಿಗೆ ರಿಟರ್ನ್. ಅಪ್ಪನಿಗೆ ರಜೆ ಕೊಡುವವರು ಯಾರು? ಕೃಷಿ ಆದಾಯಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯಲ್ಲೇ ವಿನಾಯಿತಿ ಇತ್ತು, ಹಾಗಾಗಿ ಅಪ್ಪ ರಿಟರ್ನ್ ಹಾಕಿದವರೇ ಅಲ್ಲ. ಅಡಿಕೆ ದುಡ್ಡು ತಿಂಗಳು ತಿಂಗಳು ಬರುವುದೂ ಇಲ್ಲ. ಧಾರಣೆ ನೋಡಿಕೊಂಡು ವರ್ಷಕ್ಕೆ ಎರಡೋ ಮೂರೋ ಸಲ ಕೊಟ್ಟರೆ ಖಾತೆಗೆ ಒಮ್ಮೆಲೇ ದೊಡ್ಡ ಮೊತ್ತ ಬೀಳುತ್ತದೆ. ಬ್ಯಾಂಕಿನ ಹಾಳೆ ಮಾತ್ರ ನೋಡುವವರಿಗೆ ಅದು ಸಾಲ ತಂದು ಹಾಕಿದ ದುಡ್ಡಿನಂತೆಯೇ ಕಾಣುತ್ತದೆ. ನಿಜವಾದ ದುಡಿಮೆಯೂ ಸುಳ್ಳಿನ ಹಾಗೆ ಕಾಣುವ ಈ ಜಾಗದಲ್ಲೇ ಏಜೆಂಟರ ಸಲಹೆ ಹುಟ್ಟುವುದು.

ಹಾಗಾಗಿ ನಾವು ಅಪ್ಪನ ಬದುಕಿನ ಕಾಗದಗಳನ್ನೇ ಕಟ್ಟಿದೆವು. 'ಭೂಮಿ'ಯಿಂದ ತೆಗೆದ ಪಹಣಿ, ಅದರ ನೋಟರಿ ಮಾಡಿಸಿದ ಇಂಗ್ಲಿಷ್ ಅನುವಾದ. ಅಡಿಕೆ ಕೊಟ್ಟ ಸೊಸೈಟಿಯ ಚೀಟಿಗಳು. ಬ್ಯಾಂಕ್ ಹಾಳೆಯಲ್ಲಿ ಅದೇ ಮೊತ್ತಕ್ಕೆ ಪೆನ್ಸಿಲ್ಲಿನಲ್ಲಿ ಗುರುತು. ಮೇಲೊಂದು ಪುಟದ ಪತ್ರ, ಅಪ್ಪ ಕನ್ನಡದಲ್ಲಿ ಹೇಳಿದ್ದನ್ನು ನಾನು ಇಂಗ್ಲಿಷಿಗೆ ಇಳಿಸಿದ್ದು. ಅದರಲ್ಲಿ ಹೀಗಿತ್ತು: ಕೊಯ್ಲು ಮುಗಿದಿದೆ, ಮಾರ್ಚಿನಿಂದ ಮೇ ತನಕ ತೋಟ ನೋಡಿಕೊಳ್ಳಲು ತಮ್ಮನ ಮಗ ಇದ್ದಾನೆ. ಮಳೆ ಹಿಡಿಯುವ ಹೊತ್ತಿಗೆ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಸಬೇಕು, ಇಲ್ಲದಿದ್ದರೆ ಕೊಳೆರೋಗ ಬಂದು ವರ್ಷದ ಫಸಲು ಹೋಗುತ್ತದೆ. ಅಷ್ಟರೊಳಗೆ ನಾನು ಊರಲ್ಲಿರಬೇಕು.

ಇದಕ್ಕಿಂತ ಗಟ್ಟಿಯಾದ ರಜೆ ಪತ್ರವನ್ನು ಯಾವ ಕಂಪನಿ ಕೊಡುತ್ತದೆ? ಪೇ ಸ್ಲಿಪ್ ಓದುವಷ್ಟೇ ಸರಾಗವಾಗಿ ಪಹಣಿಯನ್ನೂ ಓದುವುದನ್ನು ವೀಸಾ ಕಚೇರಿಗಳು ಕಲಿಯಬೇಕು. ದಾಖಲೆಗಳ ಪಟ್ಟಿಯಲ್ಲಿ ರೈತರಿಗೆಂದೇ ನಾಲ್ಕು ಸಾಲು ಬಿಡಿಸಿ ಬರೆದರೆ ಎಷ್ಟೋ ಜನ ಕೈಗಡಕ್ಕೆ ಓಡುವುದು ತಪ್ಪುತ್ತದೆ. ಹಾಗೆಯೇ ನಮ್ಮವರೂ ಇನ್ನೊಬ್ಬರ ದುಡ್ಡು, ರದ್ದಾಗುವ ಬುಕಿಂಗ್, ಇಲ್ಲದ ಬಿಸಿನೆಸ್ ತೋರಿಸುವುದನ್ನು ಬಿಡಬೇಕು. ಷೆಂಗೆನ್ ನಿರಾಕರಣೆಗೆ ಒಂದೇ ನಮೂನೆಯ ಪತ್ರವಿದೆ, ಕಾರಣಗಳ ಪಟ್ಟಿಯಲ್ಲಿ ಗುರುತು ಹಾಕಿ ಕೊಡುತ್ತಾರೆ. ಸುಳ್ಳು ದಾಖಲೆ ಎಂಬ ಗುರುತು ಬಿದ್ದರೆ ಮುಂದಿನ ಅರ್ಜಿಗಳಿಗೂ ಅದು ಅಂಟಿಕೊಳ್ಳುತ್ತದೆ. ಜರ್ಮನಿಯಲ್ಲಂತೂ ಕಾನ್ಸುಲೇಟಿಗೇ ಮರುಪರಿಶೀಲನೆಗೆ ಬರೆದುಕೊಳ್ಳುವ ಅವಕಾಶವನ್ನು 2025ರ ಜುಲೈ 1ರಿಂದ ತೆಗೆದುಹಾಕಿದ್ದಾರೆ. ಈಗ ಉಳಿದಿರುವುದು ಹೊಸ ಅರ್ಜಿ, ಇಲ್ಲವೇ ಬರ್ಲಿನ್ನಿನ ಕೋರ್ಟು.

ಹೆಸರಿನ ವಿಷಯವನ್ನೂ ಹೇಳಬೇಕು. ಅಮ್ಮನ ಪಾಸ್‌ಪೋರ್ಟಿನಲ್ಲಿ ಇದ್ದದ್ದು ಮೂರಕ್ಷರದ ಒಂಟಿ ಹೆಸರು, ಸರ್‌ನೇಮ್ ಜಾಗ ಖಾಲಿ. ನಮ್ಮ ಕಡೆ ಇನಿಷಿಯಲ್ ಇಟ್ಟುಕೊಂಡು ಬದುಕಿದ ತಲೆಮಾರಿನಲ್ಲಿ ಇದು ಮನೆಮನೆಯ ಕಥೆ. ಜರ್ಮನಿಗೆ ಅದರಿಂದ ತೊಂದರೆಯಾಗಲಿಲ್ಲ. ಆದರೆ ದಾರಿಯಲ್ಲಿ ದುಬೈಯಲ್ಲಿರುವ ಚಿಕ್ಕಮ್ಮನ ಮನೆಗೆ ಇಳಿಯೋಣ ಎಂದಾಗ ಅಡ್ಡಿ ಬಂತು. ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಇಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲೇ ಹೇಳಿದೆ; ಕೊನೆಯ ಪುಟದಲ್ಲಿ ತಂದೆಯ ಹೆಸರು ಇದ್ದರೆ ಪರವಾಗಿಲ್ಲ ಎಂಬ ವಿವರಣೆ ಆಮೇಲೆ ಬಂತು. ಆ ಗೊಂದಲವೇ ಬೇಡವೆಂದು ದುಬೈ ಬಿಟ್ಟೆವು. ತಂದೆ ತಾಯಿಗೆ ಪಾಸ್‌ಪೋರ್ಟ್ ಮಾಡಿಸುತ್ತಿರುವವರು ಆ ಖಾಲಿ ಜಾಗವನ್ನು ಮೊದಲೇ ತುಂಬಿಸಿಬಿಡಿ.

ವೀಸಾ ಬಂತು. ಬಂದ ಮೇಲೂ ಲೆಕ್ಕ ಇದೆ. ಯಾವುದೇ 180 ದಿನದೊಳಗೆ ಒಟ್ಟು 90 ದಿನ ಮಾತ್ರ ಇರಬಹುದು ಎನ್ನುವುದನ್ನು ನಮ್ಮವರು ಮೂರು ತಿಂಗಳು ಎಂದುಕೊಳ್ಳುತ್ತಾರೆ. ಮಾರ್ಚ್, ಏಪ್ರಿಲ್, ಮೇ ಕೂಡಿದರೆ 92. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ಮಾರ್ಚ್ 2ಕ್ಕೆ ಇಳಿದವರಿಗೆ ಮೇ 30 ಕೊನೆಯ ದಿನ. ಸ್ಟಿಕ್ಕರಿನ ಮೇಲೆ ವೀಸಾದ ಕೊನೆಯ ತಾರೀಖು ಅದಕ್ಕಿಂತ ಮುಂದೆ ಇರಬಹುದು, ಆದರೆ ಉಳಿಯಬಹುದಾದ ದಿನಗಳ ಸಂಖ್ಯೆಯೇ ಲೆಕ್ಕ. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಒಳಹೊರಗು ಎರಡನ್ನೂ ಕಂಪ್ಯೂಟರಿನಲ್ಲಿ ದಾಖಲಿಸುವ ವ್ಯವಸ್ಥೆ ಶುರುವಾಗಿರುವುದರಿಂದ ಒಂದು ದಿನ ಹೆಚ್ಚಾದರೂ ತಾನಾಗಿಯೇ ಗೊತ್ತಾಗುತ್ತದೆ. ಐದು ತಿಂಗಳ ಬಾಣಂತನ ನೆನೆಸಿಕೊಂಡು ಬಂದ ಅಮ್ಮನಿಗೆ ಇದು ನೋವಿನ ಲೆಕ್ಕ. ಹೆರಿಗೆಗೆ ಬರುವ ತಾಯಿಗೆ ಇನ್ನೊಂದೆರಡು ತಿಂಗಳು ಕೂಡಿಸಿ ಕೊಡುವ ದಾರಿ ಇರಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಅಮ್ಮನ ಪೆಟ್ಟಿಗೆಯದು ಇನ್ನೊಂದು ಲೆಕ್ಕ. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನ ದೇಶಗಳಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಬಾಣಂತಿಗೆಂದು ಕಾಸಿದ ಎರಡು ಸೇರು ತುಪ್ಪ, ಧಾರವಾಡ ಪೇಡೆ ಎರಡೂ ಊರಲ್ಲೇ ಉಳಿದವು. ಹಣ್ಣು, ತರಕಾರಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಆದರೆ ಬಾಳೆ, ಅನಾನಸು, ಖರ್ಜೂರ, ಡುರಿಯನ್, ತೆಂಗಿನಕಾಯಿ ಈ ಐದಕ್ಕೆ ಬೇಡ. ಇದನ್ನು ಹೇಳಿದ್ದೇ ತಡ, ಅಮ್ಮ ಹಿತ್ತಲಿನ ನಾಲ್ಕು ಕಾಯಿ ಸುಲಿಸಿ ಟವೆಲಿನಲ್ಲಿ ಸುತ್ತಿ ತಂದಳು. ಮಗುವಿಗೆ ಹೆಸರಿಟ್ಟ ದಿನ ಒಡೆದದ್ದು ಆ ಕಾಯಿಯನ್ನೇ.

ನಮ್ಮ ದೇಶದ ರೀತಿಯನ್ನೂ ನೋಡಬೇಕು. ಅಪ್ಪ ಅಮ್ಮ ಬಂದುಹೋದ ವರ್ಷದ ಡಿಸೆಂಬರ್‌ನಲ್ಲಿ ನನ್ನ ಜೊತೆ ಕೆಲಸ ಮಾಡುವ ಜರ್ಮನ್ ಗೆಳೆಯ ನಮ್ಮೂರಿಗೆ ಹೋಗಿದ್ದ. ಸೋಫಾ ಮೇಲೆ ಕೂತು ಅರ್ಧ ಗಂಟೆಯಲ್ಲಿ ಇ-ವೀಸಾ ಅರ್ಜಿ ತುಂಬಿದ. ಬೆರಳಚ್ಚಿಗೆಂದು ಯಾವ ಕೇಂದ್ರಕ್ಕೂ ಹೋಗಬೇಕಿರಲಿಲ್ಲ, ಪೇ ಸ್ಲಿಪ್ ಯಾರೂ ಕೇಳಲಿಲ್ಲ, ಐದು ವರ್ಷಕ್ಕೆ 80 ಡಾಲರ್. 2014ರ ನವೆಂಬರ್‌ನಲ್ಲಿ ಶುರುವಾದ ಈ ವ್ಯವಸ್ಥೆ ನನಗೆ ಹೆಮ್ಮೆ ತರುತ್ತದೆ. ಆದರೆ ಅವನು ನಮ್ಮ ಮನೆಯಲ್ಲಿ ಉಳಿದದ್ದಕ್ಕೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅತಿಥಿಯ ವಿವರದ ಫಾರ್ಮ್ ತುಂಬಬೇಕಿತ್ತು. ವಿದೇಶಿಯರನ್ನು ಇರಿಸಿಕೊಂಡ ಹೋಟೆಲಿನಂತೆ ಮನೆಯವರಿಗೂ ಇದು ಕಡ್ಡಾಯ. ಅಪ್ಪನಿಗೆ ಇದು ಹೊಸದು. ಆದರೆ ಬೇಸರಿಸಲಿಲ್ಲ. "ನೀನು ನಮಗೋಸ್ಕರ ಅಲ್ಲಿ ಸಹಿ ಹಾಕಿದ್ಯಲ್ಲ, ಹಂಗೇ ಇದು" ಅಂದರು.

ಈ ವರ್ಷ ಎರಡನೇ ಅರ್ಜಿ. 2024ರ ಏಪ್ರಿಲ್‌ನಲ್ಲಿ ಭಾರತೀಯರಿಗಾಗಿ ಬದಲಾದ ನಿಯಮದಂತೆ, ಮೂರು ವರ್ಷದೊಳಗೆ ಎರಡು ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಮುಂದಿನದು ಎರಡು ವರ್ಷದ, ಎಷ್ಟು ಸಲವಾದರೂ ಬಂದುಹೋಗುವ ವೀಸಾ ಸಿಗಬಹುದು. ಅಮ್ಮನಿಗೆ ಅದರ ಮೇಲೆ ಕಣ್ಣು. ಅಪ್ಪನ ಪತ್ರಕ್ಕೆ ಹೊಸದಾಗಿ ಏನಾದರೂ ಸೇರಿಸಬೇಕೇ ಎಂದು ಯೋಚಿಸುವಾಗ ನನಗೆ ನೆನಪಾಗುವುದು ಹೋದ ಸಲದ ಮೇ ಕೊನೆಯ ವಾರ. ಆ ವರ್ಷ ಮುಂಗಾರು ಅವಧಿಗೆ ಮೊದಲೇ, ಮೇ 24ಕ್ಕೇ ಕೇರಳಕ್ಕೆ ಬಂದುಬಿಟ್ಟಿತ್ತು. ಅಪ್ಪನ ಟಿಕೆಟ್ 28ಕ್ಕೆ. ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಬಾಲ್ಕನಿಯಲ್ಲಿ ನಿಂತು, ಊರಿಗೆ ಫೋನ್ ಮಾಡಿ ತಮ್ಮನ ಮಗನಿಗೆ ಹೇಳುತ್ತಿದ್ದರು: "ತುತ್ತ ತಂದಿಟ್ಕೊ, ಸುಣ್ಣ ಅಟ್ಟದ ಮೇಲಿದೆ. ಕೊನೆಗಾರನಿಗೆ ಹೇಳಿಡು. ಶನಿವಾರದೊಳಗೆ ನಾನೇ ಬರ್ತೀನಿ." ಫೋನ್ ಇಟ್ಟವರು ನನ್ನ ಕಡೆ ತಿರುಗಿ, ಟಿಕೆಟನ್ನು ಎರಡು ದಿನ ಮೊದಲಿನ ತಾರೀಖಿಗೆ ಹಾಕಿಸಲು ಆಗುತ್ತದಾ ಎಂದು ಕೇಳಿದರು.