ಒಲೆಗೂ ಕರೆಂಟು ಬೇಕಂತೆ!

ಉರಿ ಹಾಕುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದುಕೊಂಡಿದ್ದವನು ನಾನು. ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ಬಚ್ಚಲ ಹಂಡೆಗೆ ಬೆಂಕಿ ಮಾಡುವುದು ಹತ್ತನೇ ವಯಸ್ಸಿನಿಂದಲೇ ನನ್ನ ಪಾಲಿನ ಕೆಲಸ. ಒಣಗಿದ ಅಡಿಕೆ ಹಾಳೆ, ಒಂದು ಹಿಡಿ ಸಿಪ್ಪೆ, ಒಂದು ಕಡ್ಡಿ ಬೆಂಕಿ. ಮಳೆಗಾಲದಲ್ಲಿ ಹಟ ಮಾಡಿದರೆ ಊದುಗೊಳವೆ. ಈ ಅರ್ಹತೆಯ ಬಲದಿಂದಲೇ, ಅಮೆರಿಕದ ವರ್ಮಾಂಟ್‌ನಲ್ಲಿ ಮನೆ ಕೊಂಡಾಗ ನಡುಮನೆಯ ಮೂಲೆಯಲ್ಲಿ ಕುಳಿತಿದ್ದ ಪೆಲೆಟ್ ಒಲೆಯನ್ನು ನೋಡಿ, "ಇದೇನು ಮಹಾ!" ಎಂದುಬಿಟ್ಟೆ. ಒಲೆಗೆ ಅದು ಕೇಳಿಸಿರಬೇಕು.

ಪೆಲೆಟ್ ಎಂದರೆ ಮರದ ಹೊಟ್ಟನ್ನು ಭಾರೀ ಒತ್ತಡದಲ್ಲಿ ಒತ್ತಿ ತೆಗೆದ, ಸುಮಾರು 6 ಮಿಲಿಮೀಟರ್ ದಪ್ಪದ ಗುಳಿಗೆ. ಅಂಟು ಗಿಂಟು ಏನೂ ಇಲ್ಲ. ಒತ್ತುವ ಬಿಸಿಗೆ ಮರದಲ್ಲೇ ಇರುವ ಲಿಗ್ನಿನ್ ಎಂಬ ಅಂಶ ಮೆತ್ತಗಾಗಿ ಎಲ್ಲವನ್ನೂ ಹಿಡಿದಿಡುತ್ತದೆ. ಒಂದು ಚೀಲಕ್ಕೆ 18 ಕೆ.ಜಿ., 50 ಚೀಲ ಸೇರಿದರೆ ಇಲ್ಲಿಯವರ ಲೆಕ್ಕದ ಒಂದು ಟನ್. ನಮ್ಮ ಮನೆಗೆ ಚಳಿಗಾಲಕ್ಕೆ ಮೂರು ಟನ್ ಬೇಕು. ಅಂದರೆ ನೂರೈವತ್ತು ಚೀಲ, ನೂರೈವತ್ತು ಸಲ ನನ್ನ ಸೊಂಟ. ಅಕ್ಟೋಬರಿನಲ್ಲಿ ಊರಿನಿಂದ ಬಂದ ಅಮ್ಮ ಗ್ಯಾರೇಜಿನಲ್ಲಿ ಪೇರಿಸಿಟ್ಟ ಚೀಲಗಳನ್ನು ಕಂಡಳು. ಒಂದು ಚೀಲದ ಬಾಯಿಂದ ನಾಲ್ಕು ಗುಳಿಗೆ ತೆಗೆದು ಅಂಗೈಯಲ್ಲಿ ಹೊರಳಿಸಿ ಮೂಸಿದಳು. "ಇದು ಡೈರಿಯವರು ಕೊಡುವ ಹಿಂಡಿಯಲ್ಲವೇನೋ? ದನ ಎಲ್ಲಿ ಕಟ್ಟಿದ್ದೀಯ?"

ನಾನು ಹೆಮ್ಮೆಯಿಂದ ಪ್ರಾತ್ಯಕ್ಷಿಕೆ ಕೊಟ್ಟೆ. ಹಿಂದಿನ ಪೆಟ್ಟಿಗೆಗೆ ಪೆಲೆಟ್ ಸುರಿದು ಗುಂಡಿ ಒತ್ತಿದರೆ ಒಳಗೊಂದು ತಿರುಪು ನಿಧಾನವಾಗಿ ತಿರುಗುತ್ತಾ ಹತ್ತಿಪ್ಪತ್ತು ಗುಳಿಗೆಗಳನ್ನು ಮೇಲಕ್ಕೆ ಒಯ್ದು, ಬಟ್ಟಲಿನಷ್ಟು ದೊಡ್ಡ ಉರಿಗುಂಡಿಗೆ ಟಿಣ್ ಟಿಣ್ ಎಂದು ಉದುರಿಸುತ್ತದೆ. ಕರೆಂಟಿನ ಕಡ್ಡಿಯೊಂದು ಕೆಂಪಗೆ ಕಾದು ಬೆಂಕಿ ಹಚ್ಚುತ್ತದೆ. ಒಂದು ಫ್ಯಾನು ಹೊಗೆಯನ್ನು ಹೊರಗೆಳೆಯುತ್ತದೆ, ಇನ್ನೊಂದು ಬಿಸಿಗಾಳಿಯನ್ನು ಮನೆಯೊಳಗೆ ತಳ್ಳುತ್ತದೆ. ಅಮ್ಮ ಎಲ್ಲವನ್ನೂ ಕೇಳಿ, "ಊದುವುದಕ್ಕೂ ಮೆಷಿನ್ನೇ? ನಿನ್ನ ಬಾಯಿಗೆ ಏನಾಗಿದೆ?" ಎಂದಳು. ತೀರ್ಥಹಳ್ಳಿಯ ಅತ್ತೆಯ ಮನೆಯಲ್ಲಿ ಹಿಂದೆ ಹೊಟ್ಟಿನ ಒಲೆ ಇತ್ತು. ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಮರದ ಹೊಟ್ಟು ಜಡಿದು, ಬಾಟಲಿ ಎಳೆದು, ಉಳಿದ ತೂತಿನಲ್ಲಿ ಬೆಂಕಿ ಹಾಕಿದರೆ ಗಂಟೆಗಟ್ಟಲೆ ಉರಿಯುತ್ತಿತ್ತು. ಅದನ್ನು ನೆನಪಿಸಿ ಈ ಒಲೆಯ ಬೆಲೆ ಕೇಳಿದಳು. ನಾನು ಮಾತು ಬದಲಿಸಿದೆ.

ಮೊದಲ ಅವಾಂತರ ಉರಿಗುಂಡಿಯದು. ಅದರ ತಳದಲ್ಲಿ ಬೂದಿ ಕರಗಿ ಕಟ್ಟಿದ ಕಿಟ್ಟವನ್ನು ಆಗಾಗ ಕೆರೆದು ತೆಗೆಯಬೇಕು. ಕೆರೆದೆ; ಆದರೆ ಗುಂಡಿಯನ್ನು ಮತ್ತೆ ಕೂರಿಸುವಾಗ ಅರ್ಧ ಬೆರಳು ಓರೆಯಾಯಿತು. ಬೆಂಕಿ ಹಚ್ಚುವ ಕಡ್ಡಿಯ ಎದುರಿಗೆ ಬರಬೇಕಾದ ತೂತು ಪಕ್ಕಕ್ಕೆ ಹೋಯಿತು. ಪೆಲೆಟ್ ರಾಶಿ ಬಿತ್ತು, ಉರಿ ಇಲ್ಲ. ಗಾಜಿನ ಹಿಂದೆ ಹೊಗೆ ಮೊಸರಿನಂತೆ ಹೆಪ್ಪುಗಟ್ಟಿತು. ನಾನು ಬಗ್ಗಿ ಇಣುಕುತ್ತಿದ್ದಂತೆ 'ಧಪ್' ಎಂದು ಎಲ್ಲವೂ ಒಟ್ಟಿಗೆ ಹೊತ್ತಿಕೊಂಡು ಗಾಜು ನಡುಗಿತು. ನಾನು ಹಿಂದಕ್ಕೆ ಹಾರಿ ಸೋಫಾದ ಮೇಲೆ ಬಿದ್ದೆ. ಸಂದಿಗಳಿಂದ ನುಗ್ಗಿದ ಹೊಗೆಗೆ ಸೂರಿನ ಅಲಾರಂ ಅರಚಲಾರಂಭಿಸಿತು. ಹೊಗೆ ಎಂದರೆ ಏನು ಮಾಡಬೇಕೆಂದು ಬಲ್ಲ ಅಮ್ಮ ನಾಲ್ಕೂ ಕಿಟಕಿಗಳನ್ನು ತೆರೆದಳು. ಹೊರಗೆ ಮೈನಸ್ 18 ಡಿಗ್ರಿ. ಆ ದಿನ ಒಲೆ ಹೊತ್ತಿಸಿದ್ದರಿಂದ ಮನೆ ತಣ್ಣಗಾಯಿತು.

'ಬೂದಿ ಮುಚ್ಚಿದ ಕೆಂಡ' ಎಂಬ ನುಡಿಗಟ್ಟನ್ನು ಸ್ವಂತ ವಾಕ್ಯದಲ್ಲಿ ಬಳಸಿ ಏಳನೇ ತರಗತಿಯಲ್ಲಿ ಎರಡು ಅಂಕ ಗಳಿಸಿದವನು ನಾನು. ಆದರೂ ಒಂದು ಭಾನುವಾರ ಬೆಳಿಗ್ಗೆ, ರಾತ್ರಿಯೇ ಆರಿದ್ದ ಒಲೆಯ ಬೂದಿಯನ್ನು ಮನೆಯ ಮಾಮೂಲಿ ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದೆ. ಎರಡು ನಿಮಿಷಕ್ಕೆ ಅದರ ಹಿಂಬದಿಯಿಂದ ಧೂಪದಂತೆ ಹೊಗೆ ಎದ್ದಿತು. ಒಳಗಿನ ಚೀಲಕ್ಕೆ ಕೆಂಡ ಸಿಕ್ಕಿತ್ತು, ಮೋಟಾರು ಗಾಳಿ ಹಾಕುತ್ತಿತ್ತು. ಅಷ್ಟು ಒಳ್ಳೆಯ ಊದುಗೊಳವೆ ನಮ್ಮೂರಲ್ಲಿಯೂ ಇರಲಿಲ್ಲ. ಪ್ಲಗ್ ಕಿತ್ತು, ಅಂಗಳಕ್ಕೆ ಓಡಿ ಹಿಮಕ್ಕೆ ಎಸೆದೆ. ಅದು ಸುಯ್ ಎನ್ನುತ್ತಾ ತನಗೆ ತಾನೇ ಗುಂಡಿ ತೋಡಿಕೊಂಡು ಇಳಿಯಿತು. ಹೆಂಡತಿ ಬಾಗಿಲಲ್ಲಿ ನಿಂತು ಏನೂ ಹೇಳಲಿಲ್ಲ, ಅದೇ ಕಷ್ಟ. ಈಗ ಬೂದಿಗೆಂದೇ ಮುಚ್ಚಳವಿರುವ ತಗಡಿನ ಬಕೆಟ್ಟು ಇದೆ. ಗಾಜಿನ ಮಸಿ ತೆಗೆಯಲು ನಾನು ತಂದಿದ್ದ ದುಬಾರಿ ದ್ರಾವಣವನ್ನು ಅಮ್ಮ ಬದಿಗಿಟ್ಟು, ಒದ್ದೆ ಕಾಗದವನ್ನು ಅದೇ ಬೂದಿಗೆ ಅದ್ದಿ, ಪಾತ್ರೆ ತಿಕ್ಕಿದಂತೆ ತಿಕ್ಕಿದಳು. ಗಾಜು ಫಳಫಳ. ದ್ರಾವಣದ ಬೆಲೆಯನ್ನೂ ಕೇಳಿದಳು.

ಫೆಬ್ರವರಿಯ ಹಿಮಗಾಳಿಗೆ ಒಂದು ಸಂಜೆ ಕರೆಂಟು ಹೋಯಿತು. ತಿರುಪು ನಿಂತಿತು, ಫ್ಯಾನು ನಿಂತಿತು, ಗುಂಡಿಯಲ್ಲಿದ್ದ ನಾಲ್ಕು ಗುಳಿಗೆ ಸ್ವಲ್ಪ ಹೊಗೆಯಾಡಿ ಕಣ್ಣು ಮುಚ್ಚಿದವು. ಗ್ಯಾರೇಜಿನಲ್ಲಿ ಇನ್ನೂ ಒಂದು ಟನ್ ಪೆಲೆಟ್, ಮನೆಯಲ್ಲಿ ಮೂವರು ಕಂಬಳಿ ಹೊದ್ದು ಕುಳಿತಿದ್ದೇವೆ. ಅಮ್ಮನ ದನಿ ಕತ್ತಲಲ್ಲಿ ಬಂತು: "ಒಲೆಗೂ ಕರೆಂಟು ಬೇಕೇನೋ?"

ಪಕ್ಕದ ಮನೆಯ ಮುದುಕ ಟಾರ್ಚು ಹಿಡಿದು ಬಂದು ಕರೆದ. ಅವನದು ಹಳೆಯ ಕಬ್ಬಿಣದ ಸೌದೆ ಒಲೆ. ಗುಂಡಿಯೂ ಇಲ್ಲ, ಫ್ಯಾನೂ ಇಲ್ಲ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ, ಆದರೂ ಹತ್ತೇ ನಿಮಿಷದಲ್ಲಿ ಅಮ್ಮ ಅವನ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಅವನು ಅಡ್ಡಾದಿಡ್ಡಿ ಇಟ್ಟಿದ್ದ ಕೊರಡುಗಳನ್ನು ಇಕ್ಕಳದಿಂದ ಸರಿಪಡಿಸಿ, ವಾರಪತ್ರಿಕೆಯೊಂದನ್ನು ಕೊಳವೆಯಂತೆ ಸುತ್ತಿ ಊದುತ್ತಿದ್ದಳು. ಮುದುಕ ವಿಧೇಯನಾಗಿ ಸೌದೆ ತಂದುಕೊಡುತ್ತಿದ್ದ.

ರಾತ್ರಿ ಹನ್ನೊಂದಕ್ಕೆ ಬೀದಿದೀಪ ಹೊತ್ತಿತು. "ಕರೆಂಟು ಬಂತು, ಏಳಮ್ಮ, ಹೋಗೋಣ" ಎಂದೆ.

ಅಮ್ಮ ಬೆಂಕಿಯಿಂದ ಕಣ್ಣು ತೆಗೆಯಲಿಲ್ಲ. "ನೀನು ಹೋಗಿ ಹೊತ್ತಿಸು. ಹೊತ್ತಿದ ಮೇಲೆ ಫೋನು ಮಾಡು."